ಪಕ್ಕದವಳ ಡಬ್ಬಿ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹೊಸದಾಗಿ ಬಂದ ಕೆಫೆಯಲ್ಲಿ ಒಂದು ಚಹಾಕ್ಕೆ ನಲವತ್ತೈದು ರೂಪಾಯಿ, ವಡಾಪಾವಿಗೆ ಅರವತ್ತು, ಎರಡು ಇಡ್ಲಿಗೆ ನೂರಹತ್ತು. ಸ್ಟಾಫ್ ಕಾರ್ಡ್ ತೋರಿಸಿದರೆ ನೂರಕ್ಕೆ ಹತ್ತು ಕಡಿಮೆ. ಹಿಂದೆ ನಾವೇ ಹಾಲು, ಪುಡಿ, ಶುಂಠಿ ತಂದು ಮಾಡಿಕೊಳ್ಳುತ್ತಿದ್ದ ಚಹಾ ತಲೆಗೆ ನಾಲ್ಕು ರೂಪಾಯಿ ಬೀಳುತ್ತಿತ್ತು. ಮೂರನೇ ಮಹಡಿಯ ಫ್ಯಾಮಿಲಿ ಲೌಂಜಿಗೆ ತಂದ ಒಂದೊಂದು ಸೋಫಾದ ಬೆಲೆ ಲಕ್ಷದ ಮೇಲೆ ಎಂದು ಅದನ್ನು ಹೊತ್ತು ತಂದವರೇ ಹೇಳಿದರು. ನಾಲ್ಕು ಸೋಫಾ ಬಂದವು. ಅದೇ ಜಾಗದಲ್ಲಿ ಮೊದಲು ಇದ್ದ ನಮ್ಮ ಫ್ರಿಜ್ಜಿಗೆ ನಾವು ಕೊಟ್ಟದ್ದು ಮೂರು ಸಾವಿರ. ದುಬೈಗೆ ಹೊರಟಿದ್ದ ಒಬ್ಬ ಡಾಕ್ಟರರು ಮಾರಿದ್ದು, ಎಲ್ಲರೂ ಸೇರಿ ಕೊಂಡದ್ದು. ಆ ಫ್ರಿಜ್ಜು ಹೋದದ್ದರಿಂದ ಏನಾಯಿತು ಎಂಬುದನ್ನು ಹೇಳುತ್ತೇನೆ.

ನಾನು ನಳಿನಾಕ್ಷಿ. ಠಾಣೆಯ ವರ್ತಕ ನಗರದ ಕಡೆ ಇರುವ ಒಂದು ಖಾಸಗಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ. ಕನ್ನಡದವರಿಗೆ ನಳಿನಕ್ಕ, ಉಳಿದವರಿಗೆ ಮಾವಶಿ. ಮನೆ ಹತ್ತಿರದ ಕಳವಾ ಊರಿನಲ್ಲಿ, ಗಂಡ ಬೂಬ ಕಲ್ಯಾಣದ ಒಂದು ಹೋಟೆಲಿನಲ್ಲಿ ಭಟ್ಟಿಯ ಮುಂದೆ ನಿಲ್ಲುತ್ತಾರೆ.

ವಾರ್ಡಿನ ಕೊನೆಯಲ್ಲಿ, ಬಟ್ಟೆ ಸ್ಟೋರಿನ ಪಕ್ಕದಲ್ಲಿ ನಮ್ಮ ಕೋಣೆ ಇತ್ತು. ಹಳೆಯ ಒಪಿಡಿಯಿಂದ ಎಳೆದು ತಂದ ಬೆಂಚು, ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿದ ಮೇಜು, ಒಂದು ಬೇಸಿನ್ನು, ಮೂಲೆಯಲ್ಲಿ ಹಸಿರು ಪರದೆ. ಕಿಟಕಿಯಲ್ಲಿ ಯೇವೂರಿನ ಗುಡ್ಡ ಕಾಣುತ್ತಿತ್ತು. ಆ ಕೋಣೆಯಲ್ಲಿ ಒಂದು ಪದ್ಧತಿ ಇತ್ತು: ಯಾರೂ ತಮ್ಮ ಡಬ್ಬಿಯನ್ನು ತಾವು ತೆರೆಯುವಂತಿಲ್ಲ. ಪಕ್ಕದಲ್ಲಿ ಕುಳಿತವರು ತೆರೆಯಬೇಕು. ಯಾವ ಕಾಲದಲ್ಲಿ ಯಾರು ಶುರು ಮಾಡಿದರೋ ಗೊತ್ತಿಲ್ಲ. ಆದರೆ ಅದರಿಂದ ಆಗುವ ಉಪಕಾರ ದೊಡ್ಡದು. ಪಕ್ಕದವಳ ಡಬ್ಬಿಯಲ್ಲಿ ಬರೀ ಅನ್ನ, ಉಪ್ಪಿನಕಾಯಿ ಕಂಡರೆ, ಮನೆಯಲ್ಲಿ ಗ್ಯಾಸ್ ಮುಗಿದಿದೆಯೋ ಗಂಡನ ಜತೆ ಜಗಳವಾಗಿದೆಯೋ ಎಂದು ಕೇಳಲು ಒಂದು ನೆವ ಸಿಗುತ್ತದೆ. ಕೇಳಿದರೆ ಅವಳು ಹೇಳುತ್ತಾಳೆ. ಅಲ್ಲಿ ಯಾರ ಕಷ್ಟವೂ ಎರಡು ದಿನಕ್ಕಿಂತ ಹೆಚ್ಚು ಗುಟ್ಟಾಗಿ ಉಳಿಯುತ್ತಿರಲಿಲ್ಲ.

ಕಲಬುರಗಿ ಕಡೆಯ ಜೈಭೀಮ ನಮ್ಮ ವಾರ್ಡ್‌ಬಾಯ್. ಅವನು ಕೆಲಸಕ್ಕೆ ಸೇರಿದ ಮೊದಲ ದಿನ ಡಬ್ಬಿ ಹಿಡಿದುಕೊಂಡು ಬಾಗಿಲ ಹೊರಗೇ ನಿಂತಿದ್ದ. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಜಯಲತಾ ಎದ್ದು ಹೋಗಿ ಅವನ ಕೈಯಿಂದ ಡಬ್ಬಿ ತೆಗೆದುಕೊಂಡಳು, ತಾನೇ ತೆರೆದಳು, ಶೇಂಗಾ ಚಟ್ನಿಯನ್ನು ಮೊದಲು ತನ್ನ ರೊಟ್ಟಿಗೆ ಬಡಿಸಿಕೊಂಡಳು. ಆಮೇಲೆ ಅವನು ಒಳಗೆ ಬಂದ. ಜಯಲತಾ ಎಂದರೆ ಹಾಗೆ. ವಾರ್ಡಿನಲ್ಲಿ ಕೂದಲೆಳೆಯಷ್ಟು ನಿಯಮ ತಪ್ಪಿದರೂ ಬಿಡುವವಳಲ್ಲ. ಕೋಣೆಯ ಒಳಗೆ ಬಂದರೆ ಎಲ್ಲರ ಅಕ್ಕ. ನರ್ಸ್ ನಿಶ್ಮಿತಾ ಹೊಸ್ತಿಲಿನ ಆಚೆ ಅವಳನ್ನು ಸಿಸ್ಟರ್ ಎನ್ನುತ್ತಿದ್ದಳು, ಈಚೆ ಬಂದ ಕೂಡಲೇ ಜಯಕ್ಕ.

ಈ ನಿಶ್ಮಿತಾ ಡೊಂಬಿವಿಲಿಯಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಟಿಟ್ವಾಳಾಕ್ಕೆ ಹೋದಳು. ಅಲ್ಲಿ ಫ್ಲ್ಯಾಟು ಅಗ್ಗ, ರೈಲು ದೂರ. ಗಂಡ ಮನೀಶ್ ನವಿ ಮುಂಬಯಿಯ ಒಂದು ಗೋದಾಮಿನಲ್ಲಿದ್ದಾನೆ. ಕಾಂಟ್ರ್ಯಾಕ್ಟ್ ನರ್ಸ್ ಎಂಬ ನೆಪ ಹೇಳಿ ಆಸ್ಪತ್ರೆಯವರು ಅವಳಿಗೆ ಹೆರಿಗೆ ರಜೆ ಕೊಟ್ಟದ್ದು ಮೂರೇ ತಿಂಗಳು. ಮಗ ವಿಶ್ರುತನನ್ನು ಅತ್ತೆಯ ಹತ್ತಿರ ಬಿಟ್ಟು ಬಂದಳು. ಆ ಮಗುವಿಗೆ ಡಬ್ಬದ ಪುಡಿಹಾಲು ಆಗುತ್ತಿರಲಿಲ್ಲ. ಒಂದು ಸಲ ಕೊಟ್ಟದ್ದಕ್ಕೆ ಮೈತುಂಬ ದದ್ದು, ಎರಡು ದಿನ ಭೇದಿ. ತಾಯಿಯ ಹಾಲು ಬಿಟ್ಟು ಬೇರೇನೂ ಬಾಯಿಗೆ ಹಾಕಬೇಡಿ ಎಂದು ಮಕ್ಕಳ ಡಾಕ್ಟರು ಖಂಡಿತವಾಗಿ ಹೇಳಿದ್ದರು.

ಹಾಗಾಗಿ ನಿಶ್ಮಿತಾ ಡ್ಯೂಟಿಯಲ್ಲಿ ಎರಡು ಸಲ ಹಸಿರು ಪರದೆಯ ಹಿಂದೆ ಕುಳಿತು ಹಾಲು ಹಿಂಡಿ, ನೀಲಿ ಮುಚ್ಚಳದ ತನ್ನ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿ ಇಡುತ್ತಿದ್ದಳು. ಸಂಜೆ ಮಂಜುಗಡ್ಡೆಯ ಜತೆ ಚೀಲಕ್ಕೆ ಹಾಕಿಕೊಂಡು ರೈಲು ಹತ್ತುತ್ತಿದ್ದಳು. ಇವತ್ತು ಹಿಂಡಿದ ಹಾಲು ನಾಳೆ ಅವಳು ಮನೆಯಲ್ಲಿಲ್ಲದಾಗ ಮಗುವಿನ ಹೊಟ್ಟೆಗೆ. ಪರದೆಯ ಈಚೆ ನಾವು ಊಟ ಮಾಡುತ್ತಾ ಅವಳನ್ನು ರೇಗಿಸುತ್ತಿದ್ದೆವು. ಜೈಭೀಮ ಮಾತ್ರ ಆ ಹೊತ್ತಿಗೆ ಗೋಡೆಯ ಕಡೆ ಮುಖ ಮಾಡಿ ಕುಳಿತು ರೊಟ್ಟಿ ಮುರಿಯುತ್ತಿದ್ದ. ಆ ಬಾಟಲಿ ಯಾರದೆಂದು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ಒಂದು ದಿನ ಅದು ಓರೆಯಾಗಿ ಬಿದ್ದದ್ದನ್ನು ಕಂಡು ಜಯಲತಾಳೇ ಎತ್ತಿ ನಿಲ್ಲಿಸಿದ್ದಳು.

ಮಳೆಗಾಲದ ಮೊದಲು ಹೃಷಿಕೇಶ್ ಬಂದರು. ಮೈಸೂರಿನವರು, ಆಪರೇಷನ್ಸ್ ಹೆಡ್. ನಮ್ಮನ್ನೆಲ್ಲ ಕರೆದು ಬಹಳ ನಯವಾಗಿ ಮಾತನಾಡಿದರು.

“ನೋಡಿ ಅಕ್ಕ, ನೀವು ನಮ್ಮೋರು ಅಂತ ಕನ್ನಡದಲ್ಲೇ ಹೇಳ್ತಿದೀನಿ. ಈ ರೂಮಿನ ಒಗ್ಗರಣೆ ವಾಸನೆ ಸೂಟ್ ರೂಮ್‌ವರೆಗೂ ಹೋಗತ್ತೆ. ಪೇಶೆಂಟ್ ಕಡೆಯೋರಿಗೆ ಕೂತ್ಕೊಳೋಕೆ ಒಳ್ಳೆ ಜಾಗ ಬೇಕು. ನಿಮಗೆ ಕೆಳಗಡೆ ಏಸಿ ಕೆಫೆನೇ ಮಾಡಿಸಿದೀವಲ್ಲ.”

ನಾನು ಅವರಿಗೆ ಅವತ್ತೇ ನಿಶ್ಮಿತಾಳ ವಿಷಯ ಹೇಳಿದೆ. ಹಾಲು ಹಿಂಡಲು ಒಂದು ಮರೆ, ಇಡಲು ಒಂದು ಫ್ರಿಜ್ಜು, ಬಾಟಲಿ ತೊಳೆಯಲು ನೀರು; ಇಷ್ಟಾದರೂ ಬಿಟ್ಟುಕೊಡಿ ಎಂದೆ. ಅವರು ಫೋನ್ ತೆಗೆದು ಏನೋ ಒತ್ತಿದರು, ನೋಟ್ ಮಾಡಿಕೊಂಡಿದ್ದೇನೆ ಎಂದರು. ಮುಂದಿನ ವಾರ ನಮ್ಮ ಫ್ರಿಜ್ಜು ಗುಜರಿಯವನ ಟೆಂಪೊ ಹತ್ತಿತು. ಅದನ್ನು ಕೊಂಡವರನ್ನು ಒಂದು ಮಾತು ಕೇಳಲಿಲ್ಲ. ಲೌಂಜಿನ ಬಾಗಿಲಿಗೆ ತಾಯಿ ಮಗುವಿಗೆ ಹಾಲೂಡುವ ದೊಡ್ಡ ಚಿತ್ರ ಅಂಟಿಸಿದರು. ತಾಯಿಯ ಹಾಲು ಮಗುವಿನ ಹಕ್ಕು ಎಂದು ಮೂರು ಭಾಷೆಯಲ್ಲಿ ಬರೆದಿತ್ತು.

ಅದರ ಜತೆ ಬಣ್ಣದ ಕಾರ್ಡುಗಳು ಬಂದವು. ಡಾಕ್ಟರರಿಗೂ ಇನ್‌ಚಾರ್ಜುಗಳಿಗೂ ಬಿಳಿ, ನರ್ಸುಗಳಿಗೆ ನೀಲಿ, ಆಯಾ ಮತ್ತು ವಾರ್ಡ್‌ಬಾಯ್‌ಗಳಿಗೆ ಬೂದು. ಊಟಕ್ಕೆ ಒಂದೊಂದು ಬಣ್ಣದವರಿಗೆ ಒಂದೊಂದು ಹೊತ್ತು, ಒಂದೊಂದು ಕಡೆ. ಮನೆಯ ಡಬ್ಬಿಯನ್ನು ಕೆಫೆಯ ಕುರ್ಚಿಯಲ್ಲಿ ಕುಳಿತು ತೆರೆಯಬಾರದೆಂದು ಗುತ್ತಿಗೆದಾರನ ನಿಯಮ. ಬೂದು ಕಾರ್ಡಿನ ನಾವು ನೀರಿನ ಪಂಪಿನ ಪಕ್ಕ ರಟ್ಟು ಹಾಸಿಕೊಂಡು ಕುಳಿತೆವು.

“ಯಕ್ಕಾ, ನಮ್ಮ ಕಾರ್ಡಿಗಿ ಪಂಪ್ ವ್ಯೂ ಅದ,” ಎಂದ ಜೈಭೀಮ. “ಗುಡ್ಡದ ವ್ಯೂ ಬೇಕಂದ್ರ ರೇಟ್ ಬ್ಯಾರೆ.”

ನಗು ಬಂತು, ಆದರೆ ಅನ್ನ ಇಳಿಯಲಿಲ್ಲ. ಅಲ್ಲಿ ಪಂಪಿನ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ನಿಶ್ಮಿತಾ ಎಲ್ಲಿ ಹಿಂಡುತ್ತಾಳೆ, ಎಲ್ಲಿ ಇಡುತ್ತಾಳೆ ಎಂದು ಕಾರಿಡಾರಿನಲ್ಲಿ ಸಿಕ್ಕಾಗ ಕೇಳಿದೆ. “ಅಡ್ಜಸ್ಟ್ ಕರ್ ಲಿಯಾ ಮಾವಶಿ,” ಎನ್ನುತ್ತಾ ಓಡಿದಳು. ಕಾರಿಡಾರು ಅಂಥ ಮಾತಿಗೆ ಜಾಗವಲ್ಲ.

ಅವಳು ಮಾಡಿಕೊಂಡ ಅಡ್ಜಸ್ಟು ಏನೆಂದು ಆಮೇಲೆ ತಿಳಿಯಿತು. ಪೇಶೆಂಟುಗಳ ಸಂಡಾಸಿನಲ್ಲಿ ಬಾಗಿಲು ಹಾಕಿಕೊಂಡು ನಿಂತೇ ಹಿಂಡುತ್ತಿದ್ದಳಂತೆ. ಬಾಟಲಿಯನ್ನು ಬಿಸಿನೀರಲ್ಲಿ ತೊಳೆಯಲು ಬೇಸಿನ್ನಿಲ್ಲ. ಅದಕ್ಕೆ ಉಪಾಯವಾಗಿ, ಮೂತ್ರ ಪರೀಕ್ಷೆಗೆ ಕೊಡುವ ಸೀಲು ಮಾಡಿದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಹಾಲು ತುಂಬತೊಡಗಿದಳು. ಹೊರಗಿನವರಿಗೆ ಕೇಳಿದರೆ ಹೇಸಿಗೆ ಅನಿಸಬಹುದು. ಆಸ್ಪತ್ರೆಯವರಿಗೆ ಗೊತ್ತು, ಅದಕ್ಕಿಂತ ಶುದ್ಧವಾದ ಡಬ್ಬಿ ಇಡೀ ಕಟ್ಟಡದಲ್ಲಿ ಇನ್ನೊಂದಿಲ್ಲ. ಕ್ರಿಮಿ ಇಲ್ಲ, ಧೂಳಿಲ್ಲ, ಒಂದು ಸಲ ಬಳಸಿ ಎಸೆದರಾಯಿತು. ತುಂಬಿದ್ದನ್ನು ವಾರ್ಡಿನ ಔಷಧಿ ಫ್ರಿಜ್ಜಿನ ಕೆಳಗಿನ ಹಲಗೆಯಲ್ಲಿ, ಹಿಂದೆ ಸರಿಸಿ ಇಡುತ್ತಿದ್ದಳು. ಹೆಸರು ಬರೆದರೆ ಯಾರಾದರೂ ಓದಿ ದೂರು ಕೊಟ್ಟಾರು ಎಂದು ಚೀಟಿ ಅಂಟಿಸಲಿಲ್ಲ. ಜಯಲತಾಳಿಗೂ ಹೇಳಲಿಲ್ಲ. ಔಷಧಿ ಫ್ರಿಜ್ಜಿನಲ್ಲಿ ಬೇರೇನನ್ನೂ ಇಡಬಾರದೆಂಬುದು ನಿಯಮ. ಸಿಸ್ಟರನ್ನು ಕೇಳಿದರೆ ಸಿಸ್ಟರು ಇಲ್ಲ ಎನ್ನಲೇಬೇಕು. ಜಯಕ್ಕನನ್ನು ಕೇಳಬಹುದಿತ್ತು. ಆದರೆ ಜಯಕ್ಕ ಎಂದು ಕರೆಯುವ ಜಾಗವೇ ಉಳಿದಿರಲಿಲ್ಲ.

ಆಗಸ್ಟಿನಲ್ಲಿ ಇನ್‌ಸ್ಪೆಕ್ಷನ್ ವಾರ ಬಂತು. ಹೊರಗಿನ ತಂಡವೊಂದು ಬಂದು ಆಸ್ಪತ್ರೆಗೆ ದರ್ಜೆ ಕೊಡುವುದಿತ್ತು. ಯಾರಿಗೂ ರಜೆ ಇಲ್ಲವೆಂದು ಹೃಷಿಕೇಶ್ ಆದೇಶ ಹೊರಡಿಸಿದ್ದರು. ಜಯಲತಾ ವಾರ್ಡಿನ ಮೂಲೆ ಮೂಲೆ ತಡಕಾಡುತ್ತಾ ಔಷಧಿ ಫ್ರಿಜ್ಜು ತೆರೆದಳು. ಹಿಂದೆ ಎರಡು ಸ್ಯಾಂಪಲ್ ಡಬ್ಬಿ, ಒಳಗೆ ಹಳದಿ ಮಿಶ್ರಿತ ಬಿಳಿಯ ದ್ರವ, ಮೇಲೆ ಹೆಸರಿಲ್ಲ. ಡ್ಯೂಟಿಯಲ್ಲಿದ್ದ ಇಬ್ಬರು ಹೊಸ ನರ್ಸುಗಳನ್ನು ಕೇಳಿದಳು, ಗೊತ್ತಿಲ್ಲ ಎಂದರು. ನಿಶ್ಮಿತಾ ಆಗ ಲೇಬರ್ ರೂಮಿನಲ್ಲಿದ್ದಳು. ಹೆಸರಿಲ್ಲದ ಸ್ಯಾಂಪಲನ್ನು ಏನು ಮಾಡಬೇಕೆಂದು ಪ್ರತಿ ನರ್ಸಿಗೂ ಮೊದಲ ವರ್ಷವೇ ಕಲಿಸುತ್ತಾರೆ. ಜಯಲತಾ ಅದನ್ನೇ ಮಾಡಿದಳು. ಎರಡೂ ಡಬ್ಬಿ ಹಳದಿ ಚೀಲಕ್ಕೆ ಹೋದವು, ಚೀಲ ಕಸದ ಗಾಡಿಗೆ ಹೋಯಿತು.

ಸಂಜೆ ಡ್ಯೂಟಿ ಮುಗಿಸಿ ನಿಶ್ಮಿತಾ ಚೀಲ ಹಿಡಿದು ಬಂದಳು. ನಾನು ಅಲ್ಲೇ ತೊಟ್ಟಿಲು ಒರೆಸುತ್ತಿದ್ದೆ. ಫ್ರಿಜ್ಜಿನೊಳಗೆ ಕೈ ಹಾಕಿ ಹುಡುಕಿದಳು, ಇಂಜೆಕ್ಷನ್ ಪೆಟ್ಟಿಗೆಗಳನ್ನು ಸರಿಸಿದಳು.

“ಇಲ್ಲಿ ಎರಡು ಡಬ್ಬಿ ಇತ್ತು.”

“ಲೇಬಲ್ ಇಲ್ಲದ್ದಾ? ಅದನ್ನು ಡಿಸ್ಕಾರ್ಡ್ ಮಾಡಿದೆ,” ಎಂದಳು ಜಯಲತಾ, ಬರೆಯುವುದರಿಂದ ತಲೆ ಎತ್ತದೆ. “ಯಾವ ಪೇಶೆಂಟಿನದ್ದು?”

“ನನ್ನದು.”

ಜಯಲತಾ ಪೆನ್ನು ಇಟ್ಟು ಎದ್ದಳು. “ನಿನ್ನದಾ? ನಿನಗೆಂತಾಯ್ತು? ಹುಷಾರಿಲ್ವಾ?”

“ಹಾಲು. ಮೇರಾ ದೂಧ್ ಥಾ. ನಾಳೆ ವಿಶ್ರುತನಿಗೆ ಕುಡಿಸೋದು.”

ವಾರ್ಡಿನಲ್ಲಿ ಯಾವುದೋ ಮಗು ಅಳುತ್ತಿತ್ತು. ಜೈಭೀಮ ಕಸದ ಗಾಡಿ ಇದೆಯೋ ನೋಡಿ ಬರುತ್ತೇನೆಂದು ಮೆಟ್ಟಿಲಿಳಿದು ಓಡಿದ. ಇದ್ದರೂ ಏನು ಮಾಡುವುದಿತ್ತು?

“ಒಂದು ಮಾತು ನನಗೆ ಹೇಳ್ಬಾರ್ದಿತ್ತಾ ಮಾರಾಯ್ತಿ?” ಎಂದಳು ಜಯಲತಾ.

“ಎಲ್ಲಿ ಹೇಳೋದು? ನಿಮ್ಮದು ಬಿಳಿ ಕಾರ್ಡ್, ಮೇಡಂ. ನೀವು ಕೂರೋ ಕಡೆ ನನಗೆ ಎಂಟ್ರಿ ಇಲ್ಲ.”

“ಮೇಡಂ ಅಂತ ಕರೀಬೇಡ.”

“ಹೆರಿಗೆ ವಾರ್ಡಲ್ಲಿ ಇಷ್ಟು ವರ್ಷ ಇದ್ದೀರಿ, ಮುಚ್ಚಳ ತೆಗೆದು ನೋಡಿದ್ರೂ ಗೊತ್ತಾಗ್ತಿತ್ತು. ನೋಡಿಲ್ಲ. ನಿಮಗೆ ಇನ್‌ಸ್ಪೆಕ್ಷನ್ ದೊಡ್ಡದು.” ಅಳಲಿಲ್ಲ. ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಲಿಫ್ಟಿಗೂ ಕಾಯದೆ ಹೋದಳು.

ಮರುದಿನ ಅವಳು ಬರಲೇಬೇಕಿತ್ತು. ಬರದಿದ್ದರೆ ಕಾಂಟ್ರ್ಯಾಕ್ಟು ಮುರಿಯುತ್ತದೆ. ಬೆಳಗಿನ ಜಾವ ಹಿಂಡಿ ಇಟ್ಟ ಹಾಲು ಮಧ್ಯಾಹ್ನದವರೆಗೂ ಸಾಲಲಿಲ್ಲ. ಮಗು ಅತ್ತು ಅತ್ತು ನೀಲಿಗಟ್ಟಿತೆಂದು ಅತ್ತೆ ಹೆದರಿ ನಾಲ್ಕು ಚಮಚ ಪುಡಿಹಾಲು ಕೊಟ್ಟರು. ಹಸಿದ ಮಗುವಿನ ಮುಂದೆ ಕುಳಿತ ಹೆಂಗಸನ್ನು ನಾನು ಬೈಯಲಾರೆ. ಭೇದಿ ಶುರುವಾಯಿತು, ರಾತ್ರಿಯಾದರೂ ನಿಲ್ಲಲಿಲ್ಲ. ವಿಶ್ರುತನನ್ನು ಕಲ್ಯಾಣದ ಒಂದು ಆಸ್ಪತ್ರೆಗೆ ಸೇರಿಸಿ ಕೈಗೆ ಸಲೈನ್ ಹಾಕಿದರು.

ಮನೀಶ್ ಫೋನು ಮಾಡಿ ಹೇಳಿದ ಮೇಲೆ ಜಯಲತಾ ಬಟ್ಟೆ ಸ್ಟೋರಿನಲ್ಲಿ ಬಂದು ನನ್ನೆದುರು ನಿಂತಳು. ಮುಖ ಕೆಂಪಗಾಗಿತ್ತು. ಈಗಲೇ ಹೃಷಿಕೇಶರ ಕ್ಯಾಬಿನ್ನಿಗೆ ಹೋಗಿ ಕಾರ್ಡನ್ನು ಮುಖದ ಮೇಲೆ ಎಸೆಯುತ್ತೇನೆ ಎಂದಳು. ಆದರೆ ಕ್ಯಾಬಿನ್ನು ಎಂದರೇನೆಂದು ನನಗೆ ಗೊತ್ತು. ಬಾಗಿಲು ಮುಚ್ಚುತ್ತಾರೆ, ನೀರು ಕೊಡುತ್ತಾರೆ, ನಾಲ್ಕು ಸಿಹಿ ಮಾತಾಡಿ ಹೊರಗೆ ಕಳುಹಿಸುತ್ತಾರೆ. ಹೊರಗಿರುವವರಿಗೆ ಒಂದು ಅಕ್ಷರವೂ ಕೇಳಿಸುವುದಿಲ್ಲ.

“ಇವತ್ತು ಬೇಡ,” ಎಂದೆ. “ನಾಳೆ ಊಟದ ಹೊತ್ತಿಗೆ ಇನ್‌ಸ್ಪೆಕ್ಷನಿನವರು ಮೂರನೇ ಮಹಡಿಗೆ ಬರ್ತಾರೆ. ನಾವೂ ನಾಳೆ ಅಲ್ಲೇ ಉಣ್ಣುವ.”

ಮರುದಿನ ಜಯಲತಾ ಬಿಳಿ ಕಾರ್ಡು ತೆಗೆದು ಮೇಜಿನ ಖಾನೆಗೆ ಹಾಕಿದಳು. ಲೌಂಜಿನ ಬಾಗಿಲ ಮುಂದೆ, ಆ ತಾಯಿ ಮಗುವಿನ ಚಿತ್ರದ ಕೆಳಗೆ, ನೆಲದ ಮೇಲೆ ಕಾಲು ಮಡಚಿ ಕುಳಿತು ತನ್ನ ಡಬ್ಬಿಯನ್ನು ನನ್ನ ಮುಂದಿಟ್ಟಳು. ನಾನು ತೆರೆದೆ. ನನ್ನದನ್ನು ಜೈಭೀಮ ತೆರೆದ. ಬೂದು ಕಾರ್ಡು, ನೀಲಿ ಕಾರ್ಡು, ಬಿಡುವು ಸಿಕ್ಕವರೆಲ್ಲ ಒಬ್ಬೊಬ್ಬರಾಗಿ ಬಂದು ಕುಳಿತರು. ಪೇಶೆಂಟುಗಳ ಹತ್ತಿರ ಇರಬೇಕಾದವರು ಅಲ್ಲೇ ಇದ್ದರು. ಅದನ್ನು ನಾವು ಮೊದಲೇ ಗಟ್ಟಿ ಮಾಡಿಕೊಂಡಿದ್ದೆವು. ನನ್ನ ಡಬ್ಬಿಯ ಬಂಗುಡೆ ಮೀನಿನ ಪುಳಿಮುಂಚಿ ಸಾರಿನ ವಾಸನೆ ಕಾರಿಡಾರು ತುಂಬಿತು. ಅವತ್ತು ಬೇಕೆಂದೇ ತಂದಿದ್ದೆ.

ಹೃಷಿಕೇಶ್ ಓಡುತ್ತಾ ಬಂದರು. ಬಗ್ಗಿ, ದನಿ ತಗ್ಗಿಸಿ ನನ್ನ ಕಿವಿಯ ಹತ್ತಿರ ಮಾತನಾಡಿದರು.

“ಅಕ್ಕ, ಏನಿದು? ನಮ್ಮೋರೇ ಹಿಂಗ್ಮಾಡಿದ್ರೆ ಹೆಂಗೆ?”

“ನಮ್ಮವರು ಅಂತ ಹೇಳ್ಬೇಡಿ ಸಾರ್. ಬೇರೆಯವರಾಗಿದ್ರೆ ಎರಡು ಬೈದು ಸುಮ್ಮನಾಗ್ತಿದ್ದೆ. ಆ ದಿನ ಫೋನಲ್ಲಿ ನೋಟ್ ಮಾಡ್ಕೊಂಡಿರಲ್ಲ, ಅದನ್ನು ತೆಗೆದು ಒಮ್ಮೆ ಓದಿ. ಎಲ್ಲರೂ ಕೇಳ್ಲಿ.”

ಅವರು ಫೋನು ಹೊರಗೆ ತೆಗೆಯಲಿಲ್ಲ. ಸಂಜೆಯವರೆಗೆ ಸಮಯ ಕೊಡಿ, ಈಗ ಏಳಿ ಎಂದರು. ಮಗುವಿಗೆ ಹಸಿವಾದಾಗ ಅದು ಸಂಜೆಯವರೆಗೆ ಸಮಯ ಕೊಟ್ಟಿತಾ ಎಂದು ಜಯಲತಾ ಕೇಳಿದಳು. ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದು ಇನ್‌ಸ್ಪೆಕ್ಷನಿನವರು ಬಂದರು. ತಂಡದಲ್ಲಿದ್ದ ಒಬ್ಬ ಹೆಂಗಸು ನೀವೆಲ್ಲ ಇಲ್ಲೇಕೆ ಕುಳಿತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದರು. ಜಯಲತಾ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ತಾನು ಚೆಲ್ಲಿದ್ದನ್ನೂ ಸೇರಿಸಿ ಹೇಳಿದಳು. ಆ ಹೆಂಗಸು ಬಾಗಿಲ ಮೇಲಿನ ಚಿತ್ರವನ್ನು ನೋಡಿದರು, ಹೃಷಿಕೇಶರನ್ನು ನೋಡಿದರು, ಏನೋ ಬರೆದುಕೊಂಡರು.

ಆ ಬರವಣಿಗೆಗೆ ಹೆದರಿಯೇ ಇರಬೇಕು, ವಾರ ಕಳೆಯುವುದರೊಳಗೆ ಬಟ್ಟೆ ಸ್ಟೋರಿನ ಅರ್ಧ ಭಾಗ ಖಾಲಿ ಮಾಡಿಸಿದರು. ಬೇಸಿನ್ನು ಹಾಕಿಸಿದರು, ಪರದೆ ಕಟ್ಟಿಸಿದರು, ಎರಡು ಬಾಗಿಲಿನ ಹೊಸ ಫ್ರಿಜ್ಜು ತಂದು ಅದರ ಪಕ್ಕ ನಿಂತು ಹೃಷಿಕೇಶ್ ಫೋಟೊ ತೆಗೆಸಿಕೊಂಡರು. ಊಟಕ್ಕೆ ಬಣ್ಣದ ಲೆಕ್ಕ ಬಿಟ್ಟರು. ಜಯಲತಾಳಿಗೆ ಶಿಸ್ತು ಮೀರಿದ್ದಕ್ಕೆ ಮೆಮೊ ಬಂತು. ಸೋಫಾಗಳು ಇದ್ದಲ್ಲೇ ಇವೆ. ಗುಡ್ಡ ಕಾಣುವ ಕಿಟಕಿಯ ಹತ್ತಿರ ಕುಳಿತು ಸೂಟ್ ರೂಮಿನವರ ನೆಂಟರು ಫೋನು ನೋಡುತ್ತಾರೆ.

ನಿಶ್ಮಿತಾ ಎರಡು ವಾರ ಬಿಟ್ಟು ಬಂದಳು; ಇನ್‌ಸ್ಪೆಕ್ಷನಿನವರು ಬರೆದುಕೊಂಡು ಹೋದ ಮೇಲೆ ಅವಳ ಕಾಂಟ್ರ್ಯಾಕ್ಟು ಮುರಿಯುವ ಧೈರ್ಯ ಯಾರಿಗೂ ಬರಲಿಲ್ಲ. ವಿಶ್ರುತ ಚೇತರಿಸಿಕೊಂಡಿದ್ದ. ಆದರೆ ಅವನು ಸಲೈನಿನ ಮೇಲಿದ್ದ ದಿನಗಳಲ್ಲಿ ನಿದ್ದೆಯಿಲ್ಲದೆ, ಊಟವಿಲ್ಲದೆ, ಚಿಂತೆಯಲ್ಲಿ ಅವಳ ಎದೆ ಬತ್ತಿಹೋಗಿತ್ತು. ಮತ್ತೆ ಬರಿಸಲು ಮೆಂತೆ, ಶತಾವರಿ, ಮಾತ್ರೆ ಎಲ್ಲ ಮಾಡಿ ನೋಡಿದಳು. ಬರಲಿಲ್ಲ. ಈಗ ಮಗುವಿಗೆ ಒಂದು ವಿಶೇಷ ಪುಡಿ ಕೊಡುತ್ತಾರೆ. ಒಂದು ಡಬ್ಬಕ್ಕೆ ಎರಡು ಸಾವಿರದ ಹತ್ತಿರ, ವಾರಕ್ಕೆ ಸಾಲುವುದಿಲ್ಲ. ವಾರ್ಡಿನಲ್ಲಿ ಅವಳು ಹೊಸ ತಾಯಂದಿರ ಮಂಚದ ಅಂಚಿನಲ್ಲಿ ಕುಳಿತು ಮಗುವಿನ ಬಾಯಿಯನ್ನು ಎದೆಗೆ ಹೇಗೆ ಹಿಡಿಸಬೇಕೆಂದು ಮೊದಲಿನಂತೆಯೇ ಹೇಳಿಕೊಡುತ್ತಾಳೆ. ನಾನು ಆ ಹೊತ್ತಿಗೆ ಬೇರೆ ಕಡೆ ಕೆಲಸ ಹುಡುಕಿಕೊಳ್ಳುತ್ತೇನೆ.

ಅವಳು ಬಂದ ದಿನ ಹೊಸ ಮೂಲೆಯಲ್ಲಿ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಜಯಲತಾ ಅವಳಿಗೆಂದು ತನ್ನ ಪಕ್ಕ ಜಾಗ ಬಿಟ್ಟಿದ್ದಳು. ನಿಶ್ಮಿತಾ ಅಲ್ಲೇ ಕುಳಿತಳು. ಜಯಲತಾ ಅವಳ ಡಬ್ಬಿಗೆ ಕೈ ಚಾಚಿದಳು.

“ಬೇಡ ಸಿಸ್ಟರ್,” ಎಂದಳು ನಿಶ್ಮಿತಾ. ಡಬ್ಬಿಯನ್ನು ಮಡಿಲಿಗೆ ಎಳೆದುಕೊಂಡು ತಾನೇ ತೆರೆದಳು.

ಇವತ್ತಿಗೂ ತಾನೇ ತೆರೆಯುತ್ತಾಳೆ. ಜಯಲತಾ ಇವತ್ತಿಗೂ ಪಕ್ಕದ ಜಾಗ ಬಿಡುತ್ತಾಳೆ. ನಮಗೆ ಸಿಕ್ಕಿದ್ದು ಕಿಟಕಿ ಇಲ್ಲದ ಅರ್ಧ ಕೋಣೆ, ಒಂದು ಪರದೆ, ಹೊಸ ಫ್ರಿಜ್ಜು. ಅದರೊಳಗೆ ಸದ್ಯ ಜೈಭೀಮನ ಮಜ್ಜಿಗೆ ಬಿಟ್ಟರೆ ಬೇರೇನೂ ಇಲ್ಲ. ಹೋದದ್ದು ವಿಶ್ರುತನ ಹಾಲು. ಜಯಕ್ಕ ಎಂದು ನಿಶ್ಮಿತಾ ಕರೆಯುತ್ತಿದ್ದದ್ದೂ ಹೋಯಿತು.